ಹನ್ನೆರಡು ಡಬ್ಬಿಗಳ ಪರಿಮಳ ಸಲಹೆಗಾರರ ಸನ್ನಿಧಿಗೆ

ಎಲೆಗೆ ಬಣ್ಣದ ಮಾತನ್ನೂ ಮುಚ್ಚಳಕ್ಕೆ ಕವಿತ್ವವನ್ನೂ ತೊಡಿಸಿ, ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ ಮನೆ ಬಾಗಿಲಿಗೆ ತಲುಪಿಸುವ ಮಾನ್ಯರೇ,

ಸವಿನಯ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದೂ, ಚಹಾ ಲೋಕದಲ್ಲೇ ಅತಿ ಸೂಕ್ಷ್ಮವೆಂದು ತಮ್ಮ ಕೈಪಿಡಿಯೇ ಹೊಗಳಿರುವ ತಮ್ಮ ಮೂಗು ಎಂದಿನಂತೆ ಚುರುಕಾಗಿದೆಯೆಂದೂ ಭಾವಿಸುತ್ತೇನೆ. ಇದೇ ವಿಷಯವಾಗಿ ನಾನು ತಮಗೆ ಈಗಾಗಲೇ ಎರಡು ಪತ್ರ ಬರೆದಿದ್ದೇನೆ. ಎರಡಕ್ಕೂ ತಾವು ಉತ್ತರಿಸುವ ಸೌಜನ್ಯ ತೋರಿದಿರಿ. ಎರಡು ಉತ್ತರಗಳೂ ಒಂದು ಅಲ್ಪವಿರಾಮವೂ ಬದಲಾಗದೆ ಒಂದೇ ಆಗಿದ್ದವು. ಹಾಗಾಗಿ ಮೂರನೆಯ ಪತ್ರವನ್ನು ನಾಲ್ಕು ಜನ ಓದುವ ಹಾಗೆ ಬರೆಯುವುದೇ ಮೇಲೆಂದು ತೋಚಿತು.

ವಿಷಯ ಚಿಕ್ಕದು. ತಮ್ಮ ಹೊಸ ಕೈಪಿಡಿಯ ಮೂರನೆಯ ಪುಟದಲ್ಲಿ, 'ಕಳೆದುಹೋದ ವಾಸನೆ ಹದಿಮೂರು ವಾರದಲ್ಲಿ ಮರಳಿ ಬಂತು' ಎಂಬ ದಪ್ಪ ತಲೆಬರಹದ ಕೆಳಗೆ ಒಬ್ಬ ಮಗಳ ಕೃತಜ್ಞತೆಯ ಮಾತುಗಳಿವೆ. ಆ ಮಗಳು ನಾನು. ಆ ಮಾತುಗಳು ಸುಳ್ಳು. ಬರೆಯುವಾಗ ನನಗೆ ಅದು ಸುಳ್ಳೆಂದು ಗೊತ್ತಿರಲಿಲ್ಲ ಎಂಬ ಸಮಾಧಾನ ಆಗಾಗ ಬಂದು ನನ್ನ ಪಕ್ಕ ಕೂರುತ್ತದೆ, ಆದರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಪುಟವನ್ನು ತೆಗೆಯಬೇಕೆಂಬುದು ನನ್ನ ಬೇಡಿಕೆ.

ಅಮ್ಮ ಇಪ್ಪತ್ತಾರು ವರ್ಷ ಒಂದು ಚಹಾ ಕಾರ್ಖಾನೆಯಲ್ಲಿ ದುಡಿದವಳು. ಮೊದಲು ಎಲೆಯೊಳಗಿನ ಕಡ್ಡಿ ಆಯುವ ಹೆಂಗಸರ ಸಾಲಿನಲ್ಲಿದ್ದಳು, ಆಮೇಲೆ ರುಚಿ ನೋಡುವ ಕೋಣೆಗೆ ಹೋದಳು. ಅಲ್ಲಿ ಚಮಚದಿಂದ ಸೊರ್ರನೆ ಹೀರಿ, ಬಾಯಿತುಂಬ ಆಡಿಸಿ, ಬಕೆಟ್ಟಿಗೆ ಉಗಿಯುವ ಒಬ್ಬ ದೊಡ್ಡ ಮನುಷ್ಯರಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಗುಟುಕಪ್ಪ ಎನ್ನುತ್ತಿದ್ದರು. ಅವರ ಮುಂದೆ ಬಿಳಿ ಬಟ್ಟಲುಗಳನ್ನು ಜೋಡಿಸುವುದು, ಎಲೆ ತೂಗಿ ಹಾಕಿ ಕುದಿನೀರು ಹೊಯ್ಯುವುದು, ಸೋಸಿದ ಮೇಲೆ ನೆಂದ ಎಲೆಯನ್ನು ಮುಚ್ಚಳದ ಮೇಲೆ ಕವುಚಿ ಎದುರಿಗಿಡುವುದು ಅಮ್ಮನ ಕೆಲಸವಾಗಿತ್ತು. ಅವಳು ಮನೆಗೆ ಬಂದು ತಬ್ಬಿಕೊಂಡಾಗ ಬಟ್ಟೆಯಿಂದ ಬರುತ್ತಿದ್ದ ವಾಸನೆಯನ್ನು ನಾನು ಬಹಳ ವರ್ಷ ಅಮ್ಮಂದಿರ ವಾಸನೆ ಎಂದೇ ತಿಳಿದಿದ್ದೆ. ಗೆಳತಿಯೊಬ್ಬಳ ತಾಯಿ ತಬ್ಬಿಕೊಂಡಾಗ ಬರೀ ಸೋಪಿನ ವಾಸನೆ ಬಂದು, ಈಕೆಗೆ ಏನೋ ಕಾಯಿಲೆಯಿರಬೇಕೆಂದು ಮರುಗಿದ್ದೆ.

ಕಳೆದ ವರ್ಷ ಬಂದ ಜ್ವರ ಅಮ್ಮನ ಮೂಗನ್ನು ಪೂರ್ತಿಯಾಗಿ ಒಯ್ದಿತು. ಒಲೆಯ ಮೇಲೆ ಹಾಲು ತಳ ಹಿಡಿದು ಕರಿಯಾಗುತ್ತಿದ್ದರೂ ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚುತ್ತಿದ್ದಳು. ಡಾಕ್ಟರು ಪರೀಕ್ಷೆ ಮಾಡಿ, ಬರಬಹುದು, ಬರದೆಯೂ ಇರಬಹುದು, ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಿ ಎಂದರು. ಇಷ್ಟು ಪ್ರಾಮಾಣಿಕವಾದ ಮಾತಿನಿಂದ ಯಾರಿಗೆ ತೃಪ್ತಿಯಾಗುತ್ತದೆ? ನನಗಾಗಲಿಲ್ಲ. ಆಗಲೇ ತಮ್ಮ ಜಾಹೀರಾತು ಕಣ್ಣಿಗೆ ಬಿತ್ತು: ಹನ್ನೆರಡು ತೋಟ, ಸಮುದ್ರಮಟ್ಟದಿಂದ ಹನ್ನೆರಡು ಎತ್ತರ, ಹನ್ನೆರಡು ಬಗೆಯ ಬಿಡಿ ಎಲೆಯ ಚಹಾ, ಜೊತೆಗೆ 'ಮಲಗಿರುವ ಇಂದ್ರಿಯಗಳನ್ನು ಎಬ್ಬಿಸುವ' ಹದಿಮೂರು ವಾರಗಳ ಅಭ್ಯಾಸಕ್ರಮ.

ನಾನು ಮಾಡುವ ಕೆಲಸವನ್ನು ಇಲ್ಲಿ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಾನು ತೂಕ ಮತ್ತು ಅಳತೆಯ ಕಚೇರಿಯಲ್ಲಿದ್ದೇನೆ. ಅಂಗಡಿಯವರ ತಕ್ಕಡಿಗಳನ್ನು ಒರೆಗೆ ಹಚ್ಚಿ ನೋಡಿ ಮುದ್ರೆ ಒತ್ತುತ್ತೇನೆ. ತರಕಾರಿಯವನ ತಕ್ಕಡಿತಟ್ಟೆಯ ಕೆಳಗೆ ಅಂಟಿಸಿದ ಮೇಣದ ಚೂರನ್ನೂ ಬಿಡುವವಳಲ್ಲ. ಅಂಥವಳು ತಮ್ಮ ಪೆಟ್ಟಿಗೆ ಬಂದ ದಿನ ಹನ್ನೆರಡೂ ಡಬ್ಬಿಗಳನ್ನು ತೂಗಿ, ಪ್ರತಿಯೊಂದರ ತೂಕವೂ ಕರಾರುವಾಕ್ಕಾಗಿದೆಯೆಂದು ಕಂಡು, ಉಳಿದದ್ದೂ ಹಾಗೇ ಇರುತ್ತದೆಂದು ನಂಬಿಬಿಟ್ಟೆ. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕಲಿತ ನನಗೆ, ದಪ್ಪ ಕಾಗದದ ಮೇಲೆ ಒಳ್ಳೆಯ ಇಂಗ್ಲಿಷಿನಲ್ಲಿ ಅಚ್ಚಾದದ್ದನ್ನು ಅನುಮಾನಿಸುವ ಅಭ್ಯಾಸವೂ ಇರಲಿಲ್ಲ.

ತಮ್ಮ ಸೂಚನೆಯಂತೆ ನಾವು ದಿನಾ ಸಂಜೆ ಆರಕ್ಕೆ ಅಡುಗೆಮನೆಯ ಮೇಜಿಗೆ ಎದುರುಬದುರಾಗಿ ಕೂರುತ್ತಿದ್ದೆವು. ನಾನು ಒಂದು ಡಬ್ಬಿ ತೆರೆದು, ನೀರು ಹೊಯ್ದು, ಎಲೆ ಇಳಿಯುವ ನಾಲ್ಕು ನಿಮಿಷದಲ್ಲಿ ತಮ್ಮ ಕೈಪಿಡಿಯ ವರ್ಣನೆಯನ್ನು ಕನ್ನಡ ಮಾಡಿ ಓದುತ್ತಿದ್ದೆ: 'ಈಗಷ್ಟೇ ಬಿರಿದ ಮಲ್ಲಿಗೆ, ಹಿಂದೆಯೇ ಜೇನಿನ ನೆರಳು', 'ಮಳೆ ನಿಂತ ಪೈನ್ ಕಾಡಿನಲ್ಲಿ ದೂರದ ಹೊಗೆ', 'ಕಿತ್ತಳೆ ಸಿಪ್ಪೆಯ ಕಿಡಿ, ಶುಂಠಿಯ ತುಂಟತನ'. ಈ ಕೊನೆಯದು ನನಗೆ ನಿಜವಾಗಿ ಇಷ್ಟವಾಗಿತ್ತು. ಕಚೇರಿಯ ತಕ್ಕಡಿಗಳ ಎಣ್ಣೆ ನಾತದಿಂದ ಬಂದವಳಿಗೆ ಆ ಬಟ್ಟಲಿನ ಮೇಲೆ ಮುಖವಿಟ್ಟು ಕೂರುವುದು ಒಂದು ಸಣ್ಣ ಪ್ರಯಾಣದಂತಿತ್ತು. ಸಂತೋಷಪಟ್ಟದ್ದನ್ನು ಈಗ ಇಲ್ಲವೆಂದರೆ ಅದು ನನ್ನ ಎರಡನೆಯ ಸುಳ್ಳಾದೀತು.

ಅಮ್ಮ ಕಣ್ಣು ಮುಚ್ಚಿ, ಉಸಿರು ಎಳೆದು, ತಾವು ಬರೆದಂತೆ 'ನೆನಪನ್ನು ಒಳಗೆ ಕರೆದು' ಕಾಯುತ್ತಿದ್ದಳು. ಮೊದಲ ವಾರ ಏನೂ ಇಲ್ಲ ಎಂದಳು. ಎರಡನೆಯ ವಾರ ಏನೋ ಬಂದ ಹಾಗಾಯಿತು ಎಂದಳು. ಐದನೆಯ ವಾರದಲ್ಲಿ ಮಲ್ಲಿಗೆ ಬಂತು, ಎಂಟನೆಯದರಲ್ಲಿ ಹೊಗೆ, ಹನ್ನೊಂದರಲ್ಲಿ ಶುಂಠಿ ತನ್ನ ತುಂಟತನದ ಸಮೇತ ಬಂದಿಳಿಯಿತು. ಹದಿಮೂರು ಮುಗಿದ ದಿನವೇ ನಾನು ತಮಗೆ ಧನ್ಯವಾದ ಬರೆದೆ. ತಾವು ತಡಮಾಡದೆ ಅಚ್ಚು ಹಾಕಿದಿರಿ. ಕಾರ್ಖಾನೆಯಲ್ಲಿ ಅಮ್ಮನ ಜೊತೆಗಿದ್ದ ಗೆಳತಿಯೊಬ್ಬಳು ಫೋನ್ ಮಾಡಿ, "ಏನೇ ಮಾರಾಯ್ತಿ, ನಾವು ಮುಖ ತೋರ್ಸಿದ್ರೂ ಪೇಪರಿನೋರು ತಿರುಗಿ ನೋಡಲ್ಲ, ನಿಂದು ಬರೀ ಮೂಗೇ ಅಚ್ಚಾಗೋಯ್ತಲ್ಲೇ" ಎಂದು ಕಾಲೆಳೆದಳಂತೆ. ಅಮ್ಮ ನಕ್ಕಳು. ಆ ನಗು ಸ್ವಲ್ಪ ಬೇಗ ಮುಗಿಯಿತು ಎಂಬುದನ್ನು ನಾನು ಗಮನಿಸಿದೆ, ಆದರೆ ಗಮನಿಸಿ ಸುಮ್ಮನಾದೆ.

ಇನ್ನು ನನ್ನ ತಪ್ಪಿನ ವಿಚಾರ. ತಮ್ಮ ಡಬ್ಬಿಗಳ ಮೈಯೆಲ್ಲ ಒಂದೇ ತೆರನಾಗಿದ್ದು, ಪರಿಮಳದ ಹೆಸರಿರುವುದು ಮುಚ್ಚಳದ ಮೇಲೆ ಮಾತ್ರ. ಹದಿಮೂರು ವಾರ ಮುಗಿದರೂ ನಾವು ಸಂಜೆ ಕೂರುವುದನ್ನು ಬಿಟ್ಟಿರಲಿಲ್ಲ. ಒಂದು ರಜಾದಿನ ಆವಿ ತಗುಲಿ ಜಿಗುಟಾಗಿದ್ದ ಮುಚ್ಚಳಗಳನ್ನೆಲ್ಲ ತೊಳೆದು, ಟವೆಲಿನ ಮೇಲೆ ಒಣಗಿಸಿ, ಯಾವುದು ಯಾವ ಡಬ್ಬಿಯದೆಂದು ನೋಡದೆ ಮುಚ್ಚಿಟ್ಟೆ. ಮರುದಿನ ಸಂಜೆ 'ಮಲ್ಲಿಗೆ' ತೆರೆದು, ನೀರು ಹೊಯ್ದು, ಮಲ್ಲಿಗೆಯ ಪುಟವನ್ನೇ ಓದುತ್ತಿದ್ದೆ. ಬಟ್ಟಲಿನಿಂದ ಎದ್ದ ಹಸಿ ಸೌದೆಯ ಹೊಗೆ ನನ್ನ ಮೂಗಿಗೆ ಬಡಿದು ಓದು ನಿಂತಿತು. ಅಮ್ಮನ ಕಣ್ಣು ಮುಚ್ಚಿತ್ತು.

"ಆಹಾ, ಈಗಷ್ಟೇ ಬಿರಿದ ಹಾಗಿದೆ ಕಣೇ," ಎಂದಳು. "ಹಿಂದೆಯೇ ಒಂಚೂರು ಜೇನು."

ಅದು ಹೊಗೆಯೆಂದು ಹೇಳುವುದಕ್ಕೆ ಬದಲಾಗಿ ನಾನು ಮರುದಿನ ಬೇಕೆಂದೇ ಪುದೀನದ ಮುಚ್ಚಳದ ಕೆಳಗೆ ಗುಲಾಬಿ ಇಟ್ಟೆ. ಹೆತ್ತ ತಾಯಿಯನ್ನು ಮೋಸದ ತಕ್ಕಡಿಯಂತೆ ಪರೀಕ್ಷಿಸುವ ಮಗಳು ಎಂಥವಳೆಂಬ ಪ್ರಶ್ನೆಯನ್ನು ಆಮೇಲೆ ಕೇಳಿಕೊಂಡೆ. ಅಮ್ಮ ಪುದೀನ ಎಂದಳು. ಆಗ ನಾನು ಕೈಪಿಡಿ ಮುಚ್ಚಿ ನಡೆದದ್ದನ್ನು ಹೇಳಿದೆ. ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಮೊದಲ ದಿನದಿಂದಲೂ ಏನೂ ಬಂದಿಲ್ಲವೆಂದು ಒಪ್ಪಿಕೊಂಡಳು. ಅಷ್ಟು ಆಸೆಯಿಂದ ಓದುವವಳಿಗೆ ದಿನಾ ಇಲ್ಲ ಇಲ್ಲ ಎನ್ನಲು ಬಾಯಿ ಬರಲಿಲ್ಲವಂತೆ.

ಮಾನ್ಯರೇ, ಕಥೆ ಇಲ್ಲಿಗೆ ಮುಗಿದಿದ್ದರೆ ದೋಷವೆಲ್ಲ ನಮ್ಮ ಮನೆಯದೇ ಆಗಿ ತಾವು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಗುಟ್ಟು ಹೊರಬಿದ್ದ ಮೇಲೆ ಅಮ್ಮನಿಗೆ ಮುಚ್ಚಿಡುವಂಥದ್ದು ಏನೂ ಉಳಿಯಲಿಲ್ಲ. ಎದ್ದು ನಿಂತು, ಮನೆಯಲ್ಲಿರುವ ಬಿಳಿ ತಟ್ಟೆಗಳನ್ನೆಲ್ಲ ತರಲು ಹೇಳಿದಳು. ಹನ್ನೆರಡು ಲೋಟಕ್ಕೆ ಹನ್ನೆರಡು ಡಬ್ಬಿಯ ಎಲೆ ತೂಗಿ ಹಾಕಿ, ಕುದಿನೀರು ಹೊಯ್ದು, ಸೋಸಿ, ನೆಂದ ಎಲೆಗಳನ್ನು ಸಾಲಾಗಿ ಕವುಚಿದಳು. ಬೆರಳಿನಿಂದ ಬಿಡಿಸಿ ತೋರಿಸುತ್ತ ಹೋದಳು: ಎಲ್ಲ ಒಂದೇ ಅಳತೆಯ ಮುರುಕು, ಎಲ್ಲದರಲ್ಲೂ ಅಷ್ಟೇ ಕಡ್ಡಿ, ಎಲ್ಲದರ ಮೈಮೇಲೂ ಅವಸರದಲ್ಲಿ ಒಣಗಿಸಿದ ಎಲೆಗೆ ಏಳುವ ಸಣ್ಣ ಗುಳ್ಳೆ. ಮಲ್ಲಿಗೆಯ ಚಹಾಕ್ಕೆ ಹೆಚ್ಚಾಗಿ ಹಸಿರು ಚಹಾದ ಎಲೆ ಬಳಸುತ್ತಾರೆ, ಹೊಗೆಯ ಚಹಾಕ್ಕೆ ಉದ್ದನೆಯ ದೊಡ್ಡ ಎಲೆ ಬೇಕು ಎಂದೆಲ್ಲ ಹೇಳಿ, ಕೊನೆಗೆ ಕೈ ಒರೆಸಿಕೊಂಡು, "ಹನ್ನೆರಡು ತೋಟವೂ ಇಲ್ಲ, ಏನೂ ಇಲ್ಲ. ಒಂದೇ ಮಗು, ಹನ್ನೆರಡು ಟೋಪಿ" ಎಂದಳು.

ಮೂಗು ಹೋದರೂ ನಾಲಿಗೆಗೆ ಒಗರು ತಿಳಿಯುತ್ತದಂತೆ. ಹನ್ನೆರಡರ ಒಗರೂ ಒಂದೇ ಎಂಬುದು ಅವಳಿಗೆ ಎರಡನೆಯ ವಾರವೇ ಗೊತ್ತಾಗಿತ್ತಂತೆ. ಅದನ್ನು ಬಾಯಿಬಿಟ್ಟರೆ ತನಗೆ ಪರಿಮಳ ಬರುತ್ತಿಲ್ಲವೆಂಬುದೂ ಹೊರಬೀಳುತ್ತದೆಂದು ಸುಮ್ಮನಿದ್ದಳು. ತಮ್ಮ ವ್ಯಾಪಾರದ ಜಾಣತನಕ್ಕೆ ನಾನು ನಿಜಕ್ಕೂ ತಲೆಬಾಗಿದ್ದು ಇಲ್ಲಿ. ಮೂಗಿದ್ದವರನ್ನು ಅದೇ ಎಲೆಗೆ ಪರಿಮಳದ ಎಣ್ಣೆ ಚಿಮುಕಿಸಿ ನಂಬಿಸುತ್ತೀರಿ. ಮೂಗಿಲ್ಲದವರನ್ನು ಅವರ ಮನೆಯವರ ಪ್ರೀತಿಯಿಂದಲೇ ನಂಬಿಸುತ್ತೀರಿ. ಅದಕ್ಕೆ ಎಣ್ಣೆಯ ಖರ್ಚೂ ಇಲ್ಲ.

ಇದನ್ನೆಲ್ಲ ಬರೆದು ತಿಳಿಸಿದಾಗ ತಾವು ದಯಪಾಲಿಸಿದ ಉತ್ತರವನ್ನು ಓದುಗರ ಅನುಕೂಲಕ್ಕೆ ಸಂಕ್ಷೇಪವಾಗಿ ಕೊಡುತ್ತೇನೆ: ರುಚಿಯೆಂಬುದು ಒಂದು ಪಯಣ, ತಮ್ಮ ತಾಯಿಯವರ ಇಂದ್ರಿಯಗಳಿಗೆ ಇನ್ನಷ್ಟು ತರಬೇತಿ ಅಗತ್ಯ, ಎರಡನೆಯ ಹಂತದ ಹದಿಮೂರು ವಾರಗಳಿಗೆ ಆದರದ ಸ್ವಾಗತ. ಗುಟುಕಪ್ಪನವರ ಬಕೆಟ್ಟನ್ನು ದಿನಕ್ಕೆ ನಾಲ್ಕು ಸಲ ಚೆಲ್ಲಿ ಬರುತ್ತಿದ್ದ ಅಮ್ಮ ಇದನ್ನು ಕೇಳಿ, ಉಗಿಯುವುದನ್ನು ಇವರು ಕಾಗದದಲ್ಲೇ ಮಾಡುತ್ತಾರೆ ಎಂದಷ್ಟೇ ಹೇಳಿದಳು.

ಇಷ್ಟಾದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ನಮ್ಮ ಕೆಳಗಿನ ಮನೆಯಲ್ಲಿ ಆಸ್ಪತ್ರೆಯೊಂದರ ಕ್ಯಾಂಟೀನಿನ ಅಡುಗೆಯವನಿದ್ದಾನೆ. ಅವನಿಗೂ ಜ್ವರದಲ್ಲಿ ಮೂಗು ಹೋಗಿದೆ. ಎಣ್ಣೆ ಕಮಟಿದ್ದು, ಸಾರು ಹಳಸಿದ್ದು ತಿಳಿಯದ ಕಾರಣ, ಮೂಗು ಸರಿಯಾದ ಮೇಲೆ ಬಾ ಎಂದು ಕೆಲಸದಿಂದ ಕಳಿಸಿದ್ದಾರೆ. ಮೂರನೆಯ ಪುಟವನ್ನು ಓದಿ ಅವನೂ ಪೆಟ್ಟಿಗೆ ತರಿಸಿಕೊಂಡಿದ್ದಾನೆ. ಈಗ ಆರನೆಯ ವಾರದಲ್ಲಿದ್ದಾನೆ. ಡಾಕ್ಟರ ಬಳಿ ಹೋಗುವುದನ್ನು ಬಿಟ್ಟಿದ್ದಾನೆ. ನಾನು ಹೋಗಿ ಹೇಳಿದೆ. ಆಮೇಲೆ ಅಮ್ಮನೇ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಹೋಗಿ ಹೇಳಿದಳು. ಅಮ್ಮನಿಗೆ ವಯಸ್ಸಾಗಿದೆ, ಬಂದದ್ದು ಮತ್ತೆ ಹೋಗಿರಬೇಕು ಎಂದು ಅವನು ಅವಳನ್ನೇ ಸಮಾಧಾನಪಡಿಸಿದ. ನನ್ನ ಕಡೆ ತಿರುಗಿ, "ಅಕ್ಕಾ, ನೀವೇ ಬರ್ದಿರೋದನ್ನ ನೀವೇ ಸುಳ್ಳು ಅಂತೀರಲ್ಲ. ಪುಸ್ತಕದಲ್ಲಿ ಬಂದಿದೆ. ಸುಳ್ಳು ಅಂತಾನೂ ಪುಸ್ತಕದಲ್ಲೇ ಬರ್ಲಿ, ಆಗ ನಂಬ್ತೀನಿ" ಎಂದ.

ಅವನು ಹೇಳಿದ್ದು ನ್ಯಾಯವಾಗಿದೆ. ಆದ್ದರಿಂದ ತಮ್ಮಲ್ಲಿ ಕೆಲವು ಅರಿಕೆಗಳು. ತಾವು ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಮೂಗಿಗೆ ಸಿಕ್ಕಿಸಿಕೊಂಡು ಹದಿಮೂರು ವಾರ ಕಳೆಯಬೇಕು, ಊಟ ತಿಂಡಿಯನ್ನೂ ಹಾಗೇ ಮುಗಿಸಬೇಕು, ಮತ್ತು ಕೊನೆಯಲ್ಲಿ ಆ ಪೈನ್ ಕಾಡನ್ನು ನಮಗೆ ಇನ್ನೊಮ್ಮೆ ವರ್ಣಿಸಬೇಕು. ತಮ್ಮ ಹನ್ನೆರಡು ತೋಟಗಳನ್ನು ಅಮ್ಮನಿಗೆ ತೋರಿಸಬೇಕು; ಒಂದೊಂದಕ್ಕೂ ಬೇರೆ ಬೇರೆ ಬಸ್ಸು ಹತ್ತಬೇಕೆಂಬುದು ಅವಳ ಷರತ್ತು. ಎರಡನೆಯ ಹಂತದಲ್ಲಿ ಹದಿಮೂರನೆಯ ಡಬ್ಬಿಯೊಂದನ್ನು ಸೇರಿಸುವುದಾದರೆ, ಸಂಜೆ ಕೆಲಸ ಮುಗಿಸಿ ಬಂದವಳ ಬಟ್ಟೆಯ ವಾಸನೆಯನ್ನು ಅದರಲ್ಲಿ ತುಂಬಿಕೊಡಬೇಕು. ಇವು ಯಾವುವೂ ತಮ್ಮಿಂದಾಗದೆಂದು ಬಲ್ಲೆ.

ಆಗುವಂಥದ್ದು ಒಂದಿದೆ. ಮೂರನೆಯ ಪುಟದಲ್ಲಿ ನನ್ನ ಮಾತನ್ನು ತೆಗೆದು, ಅಷ್ಟೇ ದಪ್ಪ ಅಕ್ಷರದಲ್ಲಿ ಅಮ್ಮನ ಮಾತನ್ನು ಹಾಕಬೇಕು. ನಿನ್ನೆ ಅದೇ ಮೇಜಿಗೆ ಕೂತು ಅವಳು ಹೇಳಿದ್ದನ್ನು ಒಂದಕ್ಷರ ತಿದ್ದದೆ ಇಳಿಸಿಕೊಂಡಿದ್ದೇನೆ:

"ಹದಿಮೂರು ವಾರ ದಿನಾ ಕುಡಿದೆ. ಬಿಸಿಯಾಗಿತ್ತು, ಒಗರಾಗಿತ್ತು. ವಾಸನೆ ಬರ್ಲಿಲ್ಲ. ಬಂತು ಅಂತ ಮಗಳಿಗೆ ಸುಳ್ಳು ಹೇಳ್ದೆ. ಇಲ್ಲ ಅಂದ್ರೆ ಎದುರಿಗೆ ಕೂತು ಓದೋದನ್ನ ಬಿಟ್ಬಿಡ್ತಾಳೆ ಅಂತ ಭಯ ಇತ್ತು. ಮೂಗು ಹೋದೋರು ಡಾಕ್ಟರ ಹತ್ರ ಹೋಗಿ."

ಎರಡು ಪತ್ರಗಳವರೆಗೆ ತಮ್ಮ ವಿಶ್ವಾಸಿಯಾಗಿದ್ದು, ಮೂರನೆಯದರಲ್ಲಿ ಆ ವಿಶ್ವಾಸವನ್ನು ತಮಗೇ ಹಿಂದಿರುಗಿಸುತ್ತಿರುವ,
ಮೂರನೆಯ ಪುಟದ ಮಗಳು

ಮರೆತ ಮಾತು: ಕೈಪಿಡಿಯ ಮುಖಪುಟದಲ್ಲಿ, ತಾವು ಹಸಿರು ಸಾಲುಗಳ ನಡುವೆ ಕಣ್ಣು ಮುಚ್ಚಿ ನಿಂತು ಚಿಗುರೊಂದನ್ನು ಮೂಸುತ್ತಿರುವ ಚಿತ್ರವನ್ನು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, ಅದು ಚಹಾ ಗಿಡವಲ್ಲ, ದನ ನುಗ್ಗದಂತೆ ಬೇಲಿಗೆ ಹಾಕುವ ಗಿಡ ಎಂದಳು. ಅದರಲ್ಲಿ ತಮಗೆ ಯಾವ ತೋಟದ, ಎಷ್ಟು ಎತ್ತರದ ಪರಿಮಳ ಸಿಕ್ಕಿತೆಂದು ಬಿಡುವಾದಾಗ ತಿಳಿಸಬೇಕಾಗಿ ಪ್ರಾರ್ಥನೆ.