ಗೌರಕ್ಕನ ಮನೆಯ ಫ್ಲಾಸ್ಕು

ಬಿಸಿಯಾದದ್ದು ತಾನಾಗಿಯೇ ಆರುತ್ತದೆ; ಆರಿದ್ದು ತಾನಾಗಿಯೇ ಬಿಸಿಯಾಗುವುದಿಲ್ಲ. ಇಷ್ಟನ್ನು ಹೇಳುವುದಕ್ಕೆ ನನಗೆ ತಿಂಗಳು ತಿಂಗಳು ಸಂಬಳ ಬರುತ್ತದೆ. ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ ಎಂಬ ಭಾರದ ಹೆಸರು ಹೊರಿಸಿ ಇದನ್ನೇ ಬಿ.ಎಸ್ಸಿ. ಮಕ್ಕಳಿಗೆ ವರ್ಷ ವರ್ಷವೂ ಹೇಳುತ್ತೇನೆ. ನೆನಪಿಗೂ ಈ ನಿಯಮ ಅನ್ವಯಿಸುತ್ತದೆಯೋ ಏನೋ ಎಂಬ ಅನುಮಾನ ಈಚೆಗೆ ಹತ್ತಿದೆ. ಆರಿದ ನೆನಪನ್ನು ನಾವು ಮತ್ತೆ ಮತ್ತೆ ಒಲೆಗೇರಿಸುತ್ತೇವೆ. ಮರಳಿ ಕಾಯಿಸಿದ ಕಾಫಿಯ ಹಾಗೆ ಅದಕ್ಕೆ ಬೇರೆಯೇ ರುಚಿ ಬಂದಿರುತ್ತದೆ. ಹಾಗಾಗಿ ಈಗ ಹೇಳಹೊರಟಿರುವುದನ್ನು ಪೂರ್ತಿ ನಂಬಬೇಡಿ. ದಿನಚರಿ ಬರೆಯುವ ಚಟ ನನಗೆ ಇದ್ದದ್ದು ನಿಜ, ಆದರೆ ಆ ದಿನದ ಪುಟದಲ್ಲಿ 'ಸೆಖೆ. ಗಿರಿಜ ಬಂದಳು' ಎಂಬುದರ ಹೊರತು ಏನೂ ಇಲ್ಲ. ಸೆಖೆ ಇರಲಿಲ್ಲ, ಮೋಡ ಮುಚ್ಚಿತ್ತು ಎನ್ನುತ್ತಾಳೆ ಗಿರಿಜ.

ತೊಂಬತ್ತರ ದಶಕದ ನಡುವಿನ ಮಾತು. ನಮಗೆ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ನಾನು ಶಿವಮೊಗ್ಗದ ವಿದ್ಯಾನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಗಿರಿಜ ಭದ್ರಾವತಿಯ ಜನ್ನಾಪುರದ ಶಾಲೆಯೊಂದರಲ್ಲಿ ಕನ್ನಡ ಟೀಚರು. ಕಾರ್ಖಾನೆಯಿಂದ ಆಗಷ್ಟೇ ನಿವೃತ್ತರಾಗಿದ್ದ ಮಾವನವರಿಗೆ ಲಕ್ವ ಹೊಡೆದು, ಅತ್ತೆಯೊಬ್ಬರಿಂದಲೇ ಅವರನ್ನು ಎತ್ತಿ ಕೂರಿಸುವುದು ಆಗದೆ, ಒಬ್ಬಳೇ ಮಗಳಾದ ಇವಳು ವಾರವಿಡೀ ಅಲ್ಲೇ ಇರಬೇಕಾಗಿತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಅಪ್ಪನಿಗೆ ಊಟ ಮಾಡಿಸಿ ಬಸ್ಸು ಹತ್ತಿದರೆ ಸೋಮವಾರ ಮೊದಲ ಬಸ್ಸಿಗೆ ವಾಪಸ್ಸು. ಎರಡು ಊರಿನ ನಡುವೆ ಬಸ್ಸಿನಲ್ಲಿ ಒಂದು ನೆಟ್ಟಗಿನ ನಿದ್ದೆಯಾಗುವಷ್ಟೂ ದೂರವಿಲ್ಲ. ಆದರೂ ಒಂದಕ್ಕೊಂದು ತಾಗಿಕೊಂಡಿರುವ ಎರಡು ವಸ್ತುಗಳು ಕೊನೆಗೆ ಒಂದೇ ಉಷ್ಣತೆಗೆ ಬರುತ್ತವೆ ಎಂದು ಪಾಠ ಮಾಡುವಾಗ ನನ್ನ ಧ್ವನಿ ಯಾಕೋ ಮೆತ್ತಗಾಗುತ್ತಿತ್ತಂತೆ. ಹಿಂದಿನ ಬೆಂಚಿನವರು ಇದನ್ನು ಕಂಡುಹಿಡಿದು ನಗುತ್ತಿದ್ದರು.

ಶನಿವಾರ ಅವಳು ಬರುವ ಹೊತ್ತಿಗೆ ಕಾಫಿ ಮಾಡಿಡುವುದು ನನ್ನ ಕೆಲಸ. ಗಿರಿಜೆಗೆ ಕಾಫಿ ಎಂದರೆ ನಾಲಿಗೆ ಚುರ್ ಎನ್ನಬೇಕು. ಬಸ್ಸೋ, ತನಗೆ ಮನಸ್ಸು ಬಂದಾಗ ಬರುವ ಪೈಕಿ. ನಮ್ಮ ಪಠ್ಯಪುಸ್ತಕದಲ್ಲಿ ಒಂದು ಲೆಕ್ಕವಿದೆ: ಗೆಳೆಯ ತಡವಾಗಿ ಬರುತ್ತಾನೆ, ಕಾಫಿಗೆ ಹಾಲನ್ನು ಈಗಲೇ ಬೆರೆಸುವುದೋ, ಅವನು ಬಂದ ಮೇಲೋ? ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಬಿಸಿಯಿದೆಯೋ ಅಷ್ಟು ಬೇಗ ವಸ್ತು ಬಿಸಿ ಕಳೆದುಕೊಳ್ಳುತ್ತದೆ. ಆದ್ದರಿಂದ ಈಗಲೇ ಬೆರೆಸಿ ಸ್ವಲ್ಪ ತಣಿಸಿಟ್ಟರೆ ಮುಂದೆ ನಿಧಾನವಾಗಿ ಆರುತ್ತದೆ ಎಂಬುದು ಉತ್ತರ. ನಾನು ಇದನ್ನು ಭಕ್ತಿಯಿಂದ ಪಾಲಿಸಿದೆ. ಆ ಪುಸ್ತಕದವರ ಹಾಲು ಫ್ರಿಜ್ಜಿನಿಂದ ಬರುವ ತಣ್ಣನೆಯ ಹಾಲು, ನಮ್ಮದು ಒಲೆಯ ಮೇಲೆ ಉಕ್ಕುವ ಹಾಲು ಎಂಬ ಸಣ್ಣ ವ್ಯತ್ಯಾಸ ಹೊಳೆಯುವ ಹೊತ್ತಿಗೆ ಎಷ್ಟೋ ಶನಿವಾರಗಳು ಕೆನೆ ಕಟ್ಟಿದ್ದವು.

ಕಾಫಿ ಆರಿದರೆ ಏನು ಮಹಾ, ಎನ್ನಬಹುದು ನೀವು. ನನಗೆ ಅದರಲ್ಲೇ ಎಲ್ಲವೂ ಇತ್ತು. ಬಿಸಿ ಕಾಫಿ ಕೈಗೆ ಬಂದರೆ ಅವಳು ನನ್ನ ಪಕ್ಕದಲ್ಲಿ ಕೂರುತ್ತಿದ್ದಳು. ಆರಿದ ಕಾಫಿಯಾದರೆ, "ಬಿಡಿ, ನಾನೇ ಮಾಡ್ಕೋತೀನಿ" ಎಂದು ಅಡುಗೆಮನೆಗೆ ಹೋಗುತ್ತಿದ್ದಳು. ಅಲ್ಲಿ ನಾನು ವಾರವಿಡೀ ತೊಳೆಯದೆ ಬಿಟ್ಟ ಪಾತ್ರೆ, ಹಿತ್ತಲಲ್ಲಿ ನೆನೆದ ಬಟ್ಟೆ, ಹುಳ ಹಿಡಿದ ಬೇಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿದಳೆಂದರೆ ಮುಗಿಯಿತು, ಭಾನುವಾರ ರಾತ್ರಿಯವರೆಗೆ ಮನೆ ಅವಳನ್ನು ನನಗೆ ಬಿಟ್ಟುಕೊಡುತ್ತಿರಲಿಲ್ಲ. ಪಾತ್ರೆ ತೊಳೆದಿಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ಈಗ ಅನಿಸುತ್ತದೆ. ಆಗ ನನಗೆ ಭೌತಶಾಸ್ತ್ರದ ಪರಿಹಾರವೇ ಬೇಕಾಗಿತ್ತು. ಹೊಸಿಲು ದಾಟುವ ಮೊದಲೇ ಕಾಫಿ ಕೊಡಬೇಕು. ಬಸ್ಸಿಳಿಯುವ ಜಾಗದ ಮರದ ಕೆಳಗೆ ಕಲ್ಲುಬೆಂಚಿದೆ. ಬೇಕಾದದ್ದು ಒಂದು ಫ್ಲಾಸ್ಕು. ಬಿಸಿ ಓಡಿಹೋಗುವ ದಾರಿ ಮೂರು. ತಾಗಿದ ವಸ್ತುವಿಗೆ ದಾಟುತ್ತದೆ, ಗಾಳಿಯೋ ನೀರೋ ಅದನ್ನು ಹೊತ್ತೊಯ್ಯುತ್ತದೆ, ಇಲ್ಲವೇ ಬಿಸಿಲಿನ ಹಾಗೆ ಬರಿದಾದ ಜಾಗವನ್ನೂ ಹಾಯ್ದು ಹೋಗುತ್ತದೆ. ಮೂರಕ್ಕೂ ಬಾಗಿಲು ಹಾಕುವ ಪಾತ್ರೆ ಅದೊಂದೇ. ವಾರವಿಡೀ ಎದೆಯಲ್ಲಿ ಕೂಡಿಟ್ಟ ಒಂದು ಮಾತು ನನಗೆ ಅವಳಿಗೆ ಹೇಳುವುದಿತ್ತು. ಅದಕ್ಕೆ ಅರ್ಧ ಗಂಟೆ ಅವಳು ಪಕ್ಕದಲ್ಲಿ ಕೂತರೆ ಸಾಕಿತ್ತು.

ಫ್ಲಾಸ್ಕು ಇದ್ದದ್ದು ಪಕ್ಕದ ಮನೆಯ ಗೌರಕ್ಕನ ಹತ್ತಿರ. ಒಂದು ಶನಿವಾರ ಮಧ್ಯಾಹ್ನ ಹೋಗಿ ಕೇಳಿದೆ. ನಮ್ಮ ಕಡೆ ಆ ಕಾಲದಲ್ಲಿ ಫ್ಲಾಸ್ಕು ಬೀರುವಿನಿಂದ ಹೊರಗೆ ಬರುತ್ತಿದ್ದದ್ದು ಯಾರಾದರೂ ಆಸ್ಪತ್ರೆ ಸೇರಿದಾಗ ಮಾತ್ರ ಎಂಬುದನ್ನು ನಾನು ಮರೆತಿದ್ದೆ. ಅದನ್ನು ಕೇಳಿದರೆ ಯಾರೂ ಇಲ್ಲವೆನ್ನುವಂತಿಲ್ಲ, ರೋಗಿ ಮನೆಗೆ ಬರುವವರೆಗೆ ವಾಪಸ್ಸು ಕೇಳುವಂತೆಯೂ ಇಲ್ಲ.

"ಯಾರಿಗೆ ಮೇಷ್ಟ್ರೇ?" ಎಂದು ಗೌರಕ್ಕ ದನಿ ತಗ್ಗಿಸಿ ಕೇಳಿದರು.

ಹೆಂಡತಿಗೆ ಬಸ್‌ಸ್ಟಾಪಿನಲ್ಲಿ ಕಾಫಿ ಕುಡಿಸುವುದಕ್ಕೆ ಎನ್ನಲು ನಾಚಿಕೆಯಾಗಿ, "ಯಾರಿಗೂ ಇಲ್ಲ ಗೌರಕ್ಕ, ಸುಮ್ನೆ" ಎಂದೆ.

"ಆಯ್ತು ಬಿಡಿ. ಹೇಳೋಕೆ ಕಷ್ಟ ಆದ್ರೆ ಹೇಳ್ಬೇಡಿ. ಧೈರ್ಯವಾಗಿರಿ" ಎಂದು ಕೊಟ್ಟು ಕಳಿಸಿದರು.

ನಾನು ಮನೆಗೆ ಬಂದು, ಮೊದಲು ಕುದಿನೀರು ತುಂಬಿ ಒಳಗೋಡೆಯನ್ನು ಬಿಸಿ ಮಾಡುವ ಶಾಸ್ತ್ರೋಕ್ತ ವಿಧಿಯಲ್ಲಿ ಮುಳುಗಿದ್ದಾಗ ಗೌರಕ್ಕ ಜನ್ನಾಪುರದಲ್ಲಿದ್ದ ತಮ್ಮ ತಂಗಿಗೆ ಫೋನು ಹಚ್ಚಿದ್ದರು. "ಅಯ್ಯೋ ಮಾರಾಯ್ತಿ, ಮೇಷ್ಟ್ರ ಮುಖ ನೋಡೋಕಾಗ್ಲಿಲ್ಲ ಕಣೇ!" ಕಾದ ಕಬ್ಬಿಣದ ಸರಳಿನಲ್ಲಿ ಪ್ರತಿ ಕಣವೂ ನಿಂತಲ್ಲೇ ನಿಂತು ಪಕ್ಕದ ಕಣಕ್ಕೆ ಬಿಸಿ ದಾಟಿಸುತ್ತದೆ. ಹಾಗೆಯೇ ಸುದ್ದಿ ಬೇಲಿಯಿಂದ ಬೇಲಿಗೆ ದಾಟಿ ಅತ್ತೆಯ ಮನೆ ಮುಟ್ಟಿತು. ಒಂದು ವ್ಯತ್ಯಾಸವೆಂದರೆ ಸರಳಿನಲ್ಲಿ ಬಿಸಿ ಮುಂದೆ ಹೋದಷ್ಟೂ ಕಡಿಮೆಯಾಗುತ್ತದೆ, ಇದು ಹೆಚ್ಚಾಯಿತು. ಗಿರಿಜೆಯ ಕಿವಿಗೆ ಬೀಳುವಾಗ ಅದು, "ನಿಮ್ಮ ಯಜಮಾನ್ರನ್ನ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸೇರಿಸಿದಾರಂತೆ" ಎಂದಾಗಿತ್ತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಕಲ್ಲುಬೆಂಚಿನ ಹತ್ತಿರ ಫ್ಲಾಸ್ಕು ಹಿಡಿದು ನಿಂತಿದ್ದೆ. ಭದ್ರಾವತಿಯ ಬಸ್ಸು ಬಂತು. ಕಿಟಕಿಯಲ್ಲಿ ಗಿರಿಜ ಕಂಡಳು. ಕೈಯೆತ್ತಿದೆ. ಬಸ್ಸು ನಿಲ್ಲಲಿಲ್ಲ. ಅವಳು ನೆಟ್ಟಗೆ ಮುಂದೆ ನೋಡುತ್ತಾ, ನಾನೊಬ್ಬ ಆ ರಸ್ತೆಯಲ್ಲಿ ಇಲ್ಲವೇ ಇಲ್ಲ ಎಂಬಂತೆ ಊರೊಳಗೆ ಹೊರಟುಹೋದಳು. ಬೇಜಾರಾಗಿದ್ದಾಳೆಯೇ? ವಾರಕ್ಕೊಮ್ಮೆಯ ಈ ಸಂಸಾರ ಸಾಕಾಗಿದೆಯೇ? ಎದುರಿಗೆ ಬಂದ ಆಟೋಗೆ ಕೈಯೊಡ್ಡಿ, "ಆ ಬಸ್ಸಿನ ಹಿಂದೆ ಹೋಗಪ್ಪ" ಎಂದೆ. ಅವನು ನನ್ನ ಮುಖ ನೋಡಲಿಲ್ಲ, ಫ್ಲಾಸ್ಕು ನೋಡಿದ.

"ಬಸ್ಸು ಬಿಡಿ ಸಾರ್, ಅದು ಊರೆಲ್ಲ ಸುತ್ತುತ್ತೆ. ನಾನು ಸೀದಾ ಬಿಡ್ತೀನಿ. ಫಿಕರ್ ಮಾಡ್ಬೇಡಿ. ಯಾವ ವಾರ್ಡು?"

"ವಾರ್ಡಲ್ಲಪ್ಪ, ನನ್ನ ಹೆಂಡ್ತಿ..."

"ಹೆರಿಗೆ ವಾರ್ಡಾ? ಹಂಗಾದ್ರೆ ಹಿಂದಿನ ಗೇಟು."

ವಿವರಿಸುವಷ್ಟರಲ್ಲಿ ದೊಡ್ಡಾಸ್ಪತ್ರೆಯ ಮುಂದಿದ್ದೆ. ಇಳಿಯುತ್ತೇನೆ, ಇನ್ನೊಂದು ಆಟೋದಿಂದ ಗಿರಿಜ ಇಳಿಯುತ್ತಿದ್ದಾಳೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನ್ರೀ ಇದು? ಮಲಗಿರ್ಬೇಕಿತ್ತಲ್ವಾ ನೀವು?"

"ನಾನ್ಯಾಕೆ ಮಲಗ್ಲಿ? ನಿನಗೆ ಕಾಫಿ ತಂದಿದ್ದೆ."

"ಕಾಫಿ!" ಎಂದಳು. ದಾರಿಯುದ್ದಕ್ಕೂ ಹೊತ್ತ ಹರಕೆಗಳನ್ನೆಲ್ಲ ನೆನೆದು ಮೊದಲು ಬೈದಳು, ಆಮೇಲೆ ಅತ್ತಳು. ಎರಡೂ ಮುಗಿದ ಮೇಲೆ ಅಂಗಳದ ಬೆಂಚಿನಲ್ಲಿ ಕೂತು, "ಕೊಡಿ, ಏನು ಮಾಡಿದೀರೋ ನೋಡೋಣ" ಎಂದಳು. ಫ್ಲಾಸ್ಕಿಗೆ ಇದ್ದದ್ದು ಒಂದೇ ಮುಚ್ಚಳ, ಅದರಲ್ಲೇ ಇಬ್ಬರೂ ಕುಡಿದೆವು. ನಾಲಿಗೆ ಚುರ್ ಎಂದಿತು. ಪಕ್ಕದಲ್ಲಿ ಬಂದು ಕೂತ ಹೆಂಗಸೊಬ್ಬರು ಕರುಣೆಯಿಂದ, "ಯಾರಿಗಮ್ಮ?" ಎಂದು ಕೇಳಿದರು.

"ಇವ್ರಿಗೇ. ಏನು ಕಾಯಿಲೆ ಅಂತ ಇನ್ನೂ ಗೊತ್ತಾಗಿಲ್ಲ" ಎಂದಳು ಗಿರಿಜ.

ಬಹಳ ಹೊತ್ತು ಕೂತಿದ್ದೆವು. ರೋಗಿಗಳನ್ನು ನೋಡಲು ಬಂದವರೆಲ್ಲ ಹೊರಟರೂ ಕೂತಿದ್ದೆವು. ಅಂಥ ಸಂಜೆ ನನ್ನ ಪಾಲಿಗೆ ಇನ್ನೊಂದು ಬರಲಿಲ್ಲ. ಕೂಡಿಟ್ಟ ಮಾತನ್ನೆಲ್ಲ ಅಂದು ಅವಳಿಗೆ ಹೇಳಿಬಿಟ್ಟೆ ಎಂಬ ತೃಪ್ತಿಯಲ್ಲೇ ಇಷ್ಟು ವರ್ಷ ಇದ್ದೇನೆ.

ಮಾವನವರು ಹೋದರು. ಅತ್ತೆ ಶಿವಮೊಗ್ಗಕ್ಕೇ, ಆಲ್ಕೊಳದಲ್ಲಿದ್ದ ತಮ್ಮನ ಮನೆಗೆ ಬಂದರು. ಗಿರಿಜೆಗೆ ಇಲ್ಲಿಗೇ ವರ್ಗವಾಯಿತು. ಈಗ ಒಂದೇ ಸೂರಿನಡಿ, ಒಂದೇ ಉಷ್ಣತೆಯಲ್ಲಿ ಇದ್ದೇವೆ. ಕಾಫಿ ಹೊತ್ತಿಗೆ ಸರಿಯಾಗಿ, ಬಿಸಿಬಿಸಿಯಾಗಿ ಮೇಜಿನ ಮೇಲೆ ಬಂದು ಕೂರುತ್ತದೆ. ತಂದಿಟ್ಟವಳು ಕೂರುವುದಿಲ್ಲ, ನಾನೂ ಕೂರು ಎನ್ನುವುದಿಲ್ಲ. ಉಷ್ಣತೆಯಲ್ಲಿ ವ್ಯತ್ಯಾಸವಿಲ್ಲದ ಕಡೆ ಹರಿವೂ ಇರುವುದಿಲ್ಲ, ಇದು ಪುಸ್ತಕದಲ್ಲೇ ಇದೆ. ಶನಿವಾರ ಮಧ್ಯಾಹ್ನ ಭದ್ರಾವತಿಯ ಬಸ್ಸಿನ ಸದ್ದಾದರೆ ಮಾತ್ರ ನನ್ನ ಕಿವಿ ಇವತ್ತಿಗೂ ನಿಮಿರುತ್ತದೆ. ಬರಬೇಕಾದವಳು ಒಳಗೆ ಒಗ್ಗರಣೆ ಹಾಕುತ್ತಿರುತ್ತಾಳೆ.

ಬರೆಯಲು ಕೂರುವ ಮುನ್ನ ಅವಳನ್ನೇ ಕೇಳಿದೆ: "ಅವತ್ತು ಆಸ್ಪತ್ರೆ ಬೆಂಚಿನ ಮೇಲೆ ನಾನು ನಿನಗೆ ಏನು ಹೇಳ್ದೆ, ನೆನಪಿದ್ಯಾ?"

"ನೆನಪಿಲ್ದೆ ಏನು? ಫ್ಲಾಸ್ಕಲ್ಲಿ ಕಾಫಿ ಯಾಕೆ ಆರಲ್ಲ ಅಂತ ಪಾಠ ಮಾಡಿದ್ರಿ. ಎರಡು ಗಾಜಿನ ಗೋಡೆ, ನಡುವೆ ಗಾಳಿ ಇಲ್ಲ, ಒಳಗೆ ಕನ್ನಡಿ ಬಣ್ಣ."

"ಅಷ್ಟೇನಾ? ನೀನಿಲ್ದೆ ಇರೋಕಾಗಲ್ಲ ಅಂತೆಲ್ಲ..."

"ಇಲ್ಲಪ್ಪ. ಬಿರಡೆ ಬಿಗಿಯಾಗಿರ್ಬೇಕು ಅಂತ ಮಾತ್ರ ಒತ್ತಿ ಒತ್ತಿ ಹೇಳಿದ್ರಿ."

"ಮತ್ತೆ ಅಷ್ಟು ಹೊತ್ತು ಯಾಕೆ ಕೂತಿದ್ದೆ ನೀನು?"

"ಪಾಠ ಮುಗಿದ್ರೆ ಎದ್ದು ಮನೆಗೆ ಹೊರಡ್ಬೇಕಿತ್ತಲ್ಲ" ಎಂದಳು ಗಿರಿಜ, ಸೊಪ್ಪು ಬಿಡಿಸುತ್ತಾ. "ಅದಕ್ಕೇ ನಡುನಡುವೆ ಡೌಟು ಕೇಳ್ತಾ ಇದ್ದೆ."

ಅವಳು ಕೇಳಿದ ಒಂದು ಡೌಟೂ ನನಗೆ ನೆನಪಿಲ್ಲ. ಕನ್ನಡ ಟೀಚರಿಗೆ ಭೌತಶಾಸ್ತ್ರದಲ್ಲಿ ಇಷ್ಟೊಂದು ಆಸಕ್ತಿಯೇ, ಎಲ್ಲ ನಾನು ಪಾಠ ಮಾಡುವ ರೀತಿ, ಎಂದು ಆ ಬೆಂಚಿನ ಮೇಲೆ ಒಳಗೊಳಗೇ ಬೀಗಿದ್ದು ಮಾತ್ರ ಚೆನ್ನಾಗಿ ನೆನಪಿದೆ.