ಕೌದಿ ಹೊದ್ದ ವೈಫೈ

ಕೊಪ್ಪಳದ ಪಕ್ಕದ ಭಾಗ್ಯನಗರದ ಮನೆಯಲ್ಲಿ ಕೂತು ಪುಣೆಯ ಕಂಪನಿಗೆ ಕೆಲಸ ಮಾಡುತ್ತೇನೆ ಎಂದರೆ ಜನ ‘ಆರಾಮ್ ಬಿಡ್ರಿ’ ಎನ್ನುತ್ತಾರೆ. ಎಲ್ಲಿಯ ಆರಾಮು? ವಿಮೆ ಅರ್ಜಿ ಪರಿಶೀಲಿಸುವುದು ಸುಲಭ. ನೆಟ್ಟನ್ನೂ ನಮ್ಮ ಅತ್ತೆಯನ್ನೂ ಒಟ್ಟಿಗೆ ಸಂಭಾಳಿಸುವುದೇ ನಿಜವಾದ ನೌಕರಿ. ವಾರಕ್ಕೊಂದು ಪ್ರಸಂಗ ನಡೆಯದಿದ್ದರೆ ನನಗೇ ಅನುಮಾನ ಬರುತ್ತದೆ.

ಮೊಸರಿನ ಜಾಗ

ಚಳಿಗಾಲದ ಒಂದು ಬೆಳಿಗ್ಗೆ ಮೀಟಿಂಗಿನಲ್ಲಿ ಸಾಹೇಬರು ನನಗೊಂದು ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವುದಕ್ಕೂ ನೆಟ್ ಹೋಗುವುದಕ್ಕೂ ಸರಿಹೋಯಿತು. ಒಳಗೆ ಹೋಗಿ ನೋಡಿದರೆ ವೈಫೈ ಡಬ್ಬಿಯೇ ಇಲ್ಲ, ಆ ಜಾಗದಲ್ಲಿ ಕೌದಿಯ ಗಂಟು. ಬಿಚ್ಚಿದೆ. ಕೆಳಗೆ ಡಬ್ಬಿ, ಮೇಲೆ ಹಾಲಿನ ಪಾತ್ರೆ. ಥಂಡಿಗೆ ಮೊಸರು ಹೆಪ್ಪಾಗುತ್ತಿಲ್ಲವೆಂದು, ಡಬ್ಬಿ ಬೆಚ್ಚಗಿರುವುದನ್ನು ಕಂಡ ಅತ್ತೆ ಎರಡನ್ನೂ ಸೇರಿಸಿ ಹೊದಿಸಿ ಮಲಗಿಸಿದ್ದರು. ಡಬ್ಬಿ ಕಾದು ಕಾದು ಬಂದ್ ಆಗಿತ್ತು. ಅತ್ತೆ ಮುಚ್ಚಳ ತೆಗೆದು ನೋಡಿ, “ನೆಟ್ ಹ್ವಾದ್ರ ಹೋಗ್ಲಿ ಬಿಡವ್ವಾ, ಮೊಸರು ಛಲೋ ಬಂದೈತಿ” ಎಂದರು.

ಖಾಲಿ ತಂತಿ

ನಮ್ಮ ನೆಟ್ಟಿನ ಕೇಬಲ್ ಪಕ್ಕದ ಮನೆಯ ಮಾಳಿಗೆಯ ಮೇಲಿಂದ ಬರುತ್ತದೆ. ಆ ಮನೆಯಾಕೆಯನ್ನು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತೇವೆ; ಬಟ್ಟೆ ಹೊಲಿಯುವವರು, ಬಲು ಸಂಭಾವಿತರು. ಒಮ್ಮೆ ನೆಟ್ ಬಿಟ್ಟುಬಿಟ್ಟು ಬರತೊಡಗಿ, ಲೈನ್ ನೋಡುವವನು ಮಾಳಿಗೆ ಹತ್ತಿ ನನ್ನನ್ನು ಕರೆದ. ಕೇಬಲ್ಲಿನ ಮೇಲೆ ಸಾಲಾಗಿ ಹಸಿ ಚಾದರಗಳು. ಇದರ ಮೇಲೆ ಒಣಹಾಕುತ್ತಾರೇನು ಎಂದು ಅವನು ಕೇಳಿದ್ದಕ್ಕೆ ಖಾಲಾ ನೊಂದುಕೊಂಡರು.

“ಹಂಗ ಕೇಳಲಾರದ ಹಾಕಾಕಿ ಅಲ್ಲಪಾ ನಾನು. ನೆಟ್ ಬರಾಕತ್ತೈತೇನ್ರಿ ಅಂತ ಇವರ ಅತ್ತೀನ್ನ ಕೇಳಿದೆ, ಇಲ್ಲ ಅಂದ್ರು. ತಂತಿ ಖಾಲಿ ಐತಲ್ಲಾ ಅಂತ ಹಾಕಿದೆ.”

ನೆಟ್ ಛಲೋ ಆದದ್ದು

ಅಷ್ಟರಲ್ಲಿ ಸಾಹೇಬರ ತಾಳ್ಮೆ ಮುಗಿದಿತ್ತು. ಸೋಮವಾರದ ಮೀಟಿಂಗಿನಲ್ಲೂ ನೆಟ್ ಹೋದರೆ ಪುಣೆಗೇ ಬಂದು ಕೆಲಸ ಮಾಡಬೇಕೆಂದು ಹಿಂದಿಯಲ್ಲಿ ಖಡಕ್ಕಾಗಿ ಹೇಳಿದರು. ಗಂಡನ ಅಂಗಡಿ, ಮಗಳ ಸಾಲೆ ಎಲ್ಲ ಇಲ್ಲೇ. ನಾನು ನಿಜಕ್ಕೂ ಹೆದರಿದೆ. ಓಡಾಡಿ ಹೊಸ ಕನೆಕ್ಷನ್ ಹಾಕಿಸಿದೆ.

ಹೊಸ ನೆಟ್ ಗಟ್ಟಿಯಾಗಿತ್ತು, ಅದೇ ಫಜೀತಿಯಾಯಿತು. ಅತ್ತೆ ನನ್ನ ಹಿಂದೆ ಕೂತು ಜೋಳ ಹಸನು ಮಾಡುತ್ತ ಸಾಹೇಬರ ಬಗ್ಗೆ ಆಡುವ ಮಾತು ಅಲ್ಲಿಯವರೆಗೆ ಕೊಪ್ಪಳ ದಾಟಿರಲಿಲ್ಲ. ಆ ಸೋಮವಾರದ ಮೀಟಿಂಗಿನಲ್ಲಿ, “ತಾ ಏನೂ ಮಾಡಂಗಿಲ್ಲ, ಮಾಡಾವ್ರನ್ನ ಬಿಡಂಗಿಲ್ಲ. ಯಾವೂರಾಂವ ಇಂವ?” ಎಂದದ್ದು ನೇರ ಪುಣೆ ಮುಟ್ಟಿತು.

ನನ್ನ ನೌಕರಿ ಅಲ್ಲಿಗೇ ಮುಗಿಯಿತೆಂದುಕೊಂಡೆ. ಸಾಹೇಬರು ಕೆಮ್ಮಿ, ಹಿಂದಿ ಬಿಟ್ಟು, “ಕುಷ್ಟಗಿಯಾಂವ ಅದೀನ್ರಿ, ಅಮ್ಮಾರ” ಎಂದರು.

ಅತ್ತೆಗೆ ನಾಚಿಕೆ ಎಲ್ಲಿಂದ ಬರಬೇಕು? ಜೋಳದ ಮೊರ ಬದಿಗಿಟ್ಟು, ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿಕೊಂಡು, “ಕುಷ್ಟಗ್ಯಾಗ ಯಾರ ಪೈಕಿ?” ಎಂದು ಶುರು ಮಾಡಿದರು. ಸಾಹೇಬರ ಅಜ್ಜಿಯ ತವರು ಗಂಗಾವತಿ ಎಂದಾಯಿತು, ದೂರದ ನೆಂಟಸ್ತನವೂ ಸಿಕ್ಕಿತು. ಲಗ್ನವಾಗಿಲ್ಲ ಎಂದು ಸಾಹೇಬರು ಬಾಯಿ ತಪ್ಪಿ ಹೇಳಿದ್ದೇ ತಡ, ಯಲಬುರ್ಗಾದ ಹುಡುಗಿಯೊಬ್ಬಳ ಗುಣಗಾನ ಹೊರಟಿತು. ಆಫೀಸಿನವರೆಲ್ಲ ಕೇಳುತ್ತಿದ್ದರು. ಹೊಸ ನೆಟ್ ಒಮ್ಮೆಯೂ ಮಿಸುಕಲಿಲ್ಲ.

ಆಗ ನನ್ನ ಮೊಬೈಲಿಗೆ ಸಾಹೇಬರ ಮೆಸೇಜ್ ಬಂತು: “ಮೇಡಂ, ಮನಿಯಿಂದನ ಕೆಲಸ ಮಾಡ್ರಿ, ಅಡ್ಡಿಯಿಲ್ಲ. ಈಗೊಂದ್ ಸಲ ನೆಟ್ ಹೋಗೂ ಹಂಗ ಮಾಡ್ರಿ.”