ಮುನ್ನೂರು ಮೀಟರಿನೊಳಗಿನ ನೆರಳು

ಅಳತೆಯ ಕೆಲಸ ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಅಳೆಯುವವರು ಹೆಚ್ಚು ಮಾತಾಡಬೇಕಾಗಿಲ್ಲ. ನಗರದ ಪರಿಸರ ಎಷ್ಟು ಕಾಲ ಬಾಳೀತೆಂದು ಅಂಕ ಹಾಕುವ ಕಚೇರಿಯೊಂದಕ್ಕೆ ನಾನು ಸೇರಿದ್ದೂ ಅದಕ್ಕೇ ಇರಬೇಕು. ಗಾಳಿಗಿಷ್ಟು, ನೀರಿಗಿಷ್ಟು, ಕಸಕ್ಕಿಷ್ಟು. ಹಸಿರಿನ ಪ್ರಶ್ನೆ ಎಲ್ಲಕ್ಕಿಂತ ಸುಲಭ: ನೀವಿರುವಲ್ಲಿಂದ ಮುನ್ನೂರು ಮೀಟರಿನೊಳಗೆ ಉದ್ಯಾನವಿದೆಯೇ? ಹೌದು ಅಥವಾ ಇಲ್ಲ. ಬಸವೇಶ್ವರನಗರ ಮುಗಿದು ಕಾಮಾಕ್ಷಿಪಾಳ್ಯ ಶುರುವಾಗುವಲ್ಲಿ ನಮ್ಮ ಪಾರ್ಕಿದೆ. ಅಮ್ಮ ಒಗ್ಗರಣೆ ಹಾಕಿದರೆ ಅಲ್ಲಿ ಕೂತವರಿಗೆ ಸೀನು ಬರುವಷ್ಟು ಹತ್ತಿರ.

ಕಳೆದ ವಾರ ಮಧ್ಯಾಹ್ನ ಅದರ ಆಚೆ ಬದಿಯ ಗಾರ್ಮೆಂಟ್ಸ್ ಕಾರ್ಖಾನೆಯ ಹೆಂಗಸರನ್ನು ಕೇಳಲು ಹೋದೆ. ಪಾರ್ಕಿನ ಬೇಲಿಗೆ ಬೆನ್ನು ಕೊಟ್ಟು, ಬಿಸಿಲಿನಲ್ಲೇ ಊಟದ ಡಬ್ಬಿ ಬಿಚ್ಚಿದ್ದರು. ಏಳು ತಿಂಗಳ ಬಸುರಿ ಮಹಾದೇವಿ ಮಾತ್ರ ವಿದ್ಯುತ್ ಕಂಬದ ನೆರಳಿನಲ್ಲಿ, ಅದು ಸರಿದಂತೆ ತಾನೂ ಸರಿಯುತ್ತ ಕೂತಿದ್ದಳು. ಅವಳನ್ನೇ ಪ್ರಶ್ನೆ ಕೇಳಿದೆ.

“ಬೆನ್ನಿಗೇ ಐತಲ್ರೀ ಮೇಡಂ. ಹಸಿರು ಕಾಣಸ್ತೈತಿ, ನೆರಳು ಒಳಗ ಐತಿ. ಹತ್ತರಿಂದ ನಾಕರತನಕ ಬೀಗ.”

“ಹೌದು ಅಂತಾನೇ ಬರ್ಕೊಳ್ಳಿ ಮೇಡಂ, ಇಲ್ಲ ಅಂದ್ರೆ ಪಾರ್ಕು ಬೇಜಾರು ಮಾಡ್ಕೊಳುತ್ತೆ,” ಎಂದಳು ಪಕ್ಕದವಳು. ಎಲ್ಲರೂ ನಕ್ಕರು. ನಾನು ‘ಹೌದು’ ಎಂದೇ ಗುರುತು ಹಾಕಿದೆ. ನಮೂನೆಯಲ್ಲಿ ಬೀಗಕ್ಕೆ ಜಾಗವಿರಲಿಲ್ಲ.

“ಮೊದ್ಲ ಒಳಗ ಕುಂದರ್ತಿದ್ವಿ,” ಎಂದಳು ಮಹಾದೇವಿ. “ಯಾರೋ ಲೆಟರ್ ಬರದ್ರಂತ, ನಾವು ಗದ್ದಲ ಮಾಡ್ತೀವಂತ.”

ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಆ ಯಾರೋ ನಾನೇ. ಆಗ ಎಂ.ಎಸ್ಸಿ. ಪರೀಕ್ಷೆ, ಕಿಟಕಿಯಾಚೆ ಡಬ್ಬಿಗಳ ಸದ್ದು, ನಗು. ಎದ್ದು ಹೋಗಿ ಎರಡು ಮಾತು ಹೇಳಲು ಸಂಕೋಚವಾಗಿ ಬಡಾವಣೆಯ ಸಂಘಕ್ಕೆ ಒಂದೂವರೆ ಪುಟ ಬರೆದಿದ್ದೆ. ಬೀಗ ಹಾಕಿ ಎಂದೇನೂ ಬರೆದಿರಲಿಲ್ಲ. ‘ಸೂಕ್ತ ಕ್ರಮ’ ಎಂದು ಬರೆದಿದ್ದೆ. ಇದನ್ನು ಅವಳಿಗೆ ಹೇಳಬೇಕಿತ್ತು. ಹೇಳದೆ, ವಂದನೆ ಹೇಳಿ ಬಂದೆ.

ಸಂಜೆ ಸಂಘದ ಕಾರ್ಯದರ್ಶಿಗಳ ಮನೆಗೆ ಹೋದೆ. “ಅಂಕಲ್, ಮಧ್ಯಾಹ್ನ ಒಂದು ಗಂಟೆ ಹೊತ್ತು ಗೇಟು ತೆಗೀಬಹುದಾ?”

“ನೀನೇನಮ್ಮಾ ಹೀಗಂತೀಯ! ಬೀಗ ಬಿದ್ದಿದ್ದೇ ನಿನ್ನ ಲೆಟರಿಂದ. ಏನು ಬರೆದಿದ್ದೆ! ಕಮಿಟೀಲಿ ಒಬ್ರೂ ತುಟಿ ಪಿಟಿಕ್ ಅನ್ಲಿಲ್ಲ. ಈಗ ತೆಗೀಬೇಕು ಅಂದ್ರೆ ಅದಕ್ಕಿಂತ ಚೆನ್ನಾಗಿರೋದು ಒಂದು ಬರ್ಕೊಂಡು ಬಾ, ನೋಡೋಣ.”

ಅಂದಿನಿಂದ ರಜೆ ಹಾಕಿ ಬರೆಯುತ್ತಿದ್ದೇನೆ. ಹಳೆಯ ಪತ್ರದ ಪ್ರತಿ ಎದುರಿಗಿದೆ. ಒಂದು ಒತ್ತಕ್ಷರವೂ ತಪ್ಪಿಲ್ಲ, ವಾದದಲ್ಲಿ ಒಂದು ಬಿರುಕೂ ಇಲ್ಲ. ಹೊಸದು ಇನ್ನೂ ಮೊದಲ ಸಾಲು ದಾಟಿಲ್ಲ. ಗಂಟೆ ಒಂದೂವರೆ. ಆಚೆ ಬದಿಯಲ್ಲಿ ಕಂಬದ ನೆರಳು ಸರಿಯುತ್ತಿರಬೇಕು. ಇಲ್ಲಿ ಕಿಟಕಿಯಾಚೆ ಒಂದು ಸದ್ದೂ ಇಲ್ಲ. ಗದ್ದಲದಿಂದ ಬರೆಯಲಾಗುತ್ತಿಲ್ಲ ಎಂದು ದೂರುವಂತೆಯೂ ಇಲ್ಲ.